ಆಟದಲ್ಲಿ ಅಕ್ಷರ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಪೋಷಕರ ಹಾಗೂ ಶಿಕ್ಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವರು ಅದನ್ನು ಕಟ್ಟಿದ ಹಿರಿಯರ ತ್ಯಾಗವನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಸಮರ್ಥರಾದವರು ಈ ಉತ್ಸವದಲ್ಲಿ ನೆರವೇರಿಸಲಿದ್ದಾರೆ. ನಾವು ಇಂದು ಆಯ್ದುಕೊಂಡಿರುವ ವಿಷಯ ಬಲು ಸಣ್ಣದು. ನಾಲ್ಕೈದು ವರ್ಷದ ಕೂಸುಗಳಿಗೆ ಅಕ್ಷರದ ಗುರುತು ಹಿಡಿಸುವ ಆಟಗಳನ್ನು ಕುರಿತು ನಾಲ್ಕು ಮಾತು. ಶತಮಾನೋತ್ಸವಕ್ಕೂ ಮಕ್ಕಳಾಟಕ್ಕೂ ಏನು ಸಂಬಂಧವೆಂದು ಹುಬ್ಬೇರಿಸುವವರು ನಿಮ್ಮಲ್ಲಿ ಇದ್ದಾರು. ಸಂಬಂಧ ಉಂಟು; ಅದನ್ನೇ ಮೊದಲು ಅರಿಕೆ ಮಾಡುತ್ತೇವೆ.

ಹಿಂದಿನ ಕಾಲದಲ್ಲಿ ಧರ್ಮಾಧ್ಯಕ್ಷರು ಹೊಸ ದೇವಾಲಯವೊಂದನ್ನು ಲತೀನ್ ವಿಧಿಯಂತೆ ಅಭಿಷೇಕಿಸುವಾಗ, ಅದರ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಸಾಲು ಬೂದಿಯನ್ನು ಹರಡುತ್ತಿದ್ದರು. ಆ ಸಾಲುಗಳು ನಡುವೆ ಕೂಡಿ ದೊಡ್ಡದೊಂದು ಓರೆ ಶಿಲುಬೆಯಾಗುತ್ತಿತ್ತು. ಧರ್ಮಾಧ್ಯಕ್ಷರು ತಮ್ಮ ದಂಡದ ತುದಿಯಿಂದ ಒಂದು ಸಾಲಿನಲ್ಲಿ ಗ್ರೀಕ್ ವರ್ಣಮಾಲೆಯನ್ನೂ, ಇನ್ನೊಂದರಲ್ಲಿ ಲತೀನ್ ವರ್ಣಮಾಲೆಯನ್ನೂ ಬರೆಯುತ್ತಿದ್ದರು. 1977ರಲ್ಲಿ ಪ್ರಕಟವಾದ ನೂತನ ವಿಧಿಯಲ್ಲಿ ಈ ಕ್ರಿಯೆ ಇಲ್ಲ. ಆದರೆ ಶತಮಾನಗಳ ಕಾಲ, ಪೀಠಕ್ಕೆ ತೈಲಾಭಿಷೇಕ ಆಗುವುದಕ್ಕೂ ಮೊದಲು, ದೇವರ ಮನೆಯ ನೆಲದ ಮೇಲೆ ಮೂಡುತ್ತಿದ್ದುದು ಬರಿಯ ವರ್ಣಮಾಲೆ. ವಿಶ್ವಾಸದ ಮೊದಲ ಪಾಠಗಳಿಗೆ ಇದು ಸಂಕೇತವೆಂದು ವ್ಯಾಖ್ಯಾನಕಾರರು ಅರ್ಥ ಹೇಳಿದರು. ಗುರುಮಠದಲ್ಲಿ ಇದನ್ನು ಓದಿದಾಗ ನಮಗೆ ಇದೊಂದು ವಿಚಿತ್ರ ಆಚಾರವಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. ಅಕ್ಷರ ಕಲಿಸುವುದು ದೇವಾಲಯದ ಹೊರಗಿನ ಕೆಲಸವಲ್ಲ, ಅದರ ತಳಪಾಯದ ಕೆಲಸ ಎಂದು ಆ ಬೂದಿಯ ಸಾಲುಗಳು ಹೇಳುತ್ತಿದ್ದವು.

ಈ ಉತ್ಸವದ ಸಿದ್ಧತೆಗಾಗಿ ನಾವು ಧರ್ಮಕೇಂದ್ರದ ಹಳೆಯ ವಿವಾಹ ದಾಖಲೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ನೋಡಿದೆವು. ಮೊದಮೊದಲ ಪುಟಗಳಲ್ಲಿ ವರ, ವಧು, ಸಾಕ್ಷಿಗಳು ಸಹಿ ಹಾಕಬೇಕಾದ ಸ್ಥಳದಲ್ಲಿ ಹೆಬ್ಬೆಟ್ಟಿನ ಗುರುತುಗಳೇ ತುಂಬಿವೆ. ಪುಟ ತಿರುವುತ್ತ ಹೋದಂತೆ, ಹೆಬ್ಬೆಟ್ಟುಗಳ ನಡುವೆ ಅಲ್ಲೊಂದು ಇಲ್ಲೊಂದು ಸೊಟ್ಟ ಅಕ್ಷರದ ಹೆಸರು ತಲೆ ಎತ್ತುತ್ತದೆ. ಆಮೇಲೆ ಹೆಬ್ಬೆಟ್ಟು ವಿರಳವಾಗುತ್ತದೆ. ಈ ಊರಿನಲ್ಲಿ ಶಾಲೆ ಬೆಳೆದ ಕಥೆಯನ್ನು ಬೇರೆ ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಅದನ್ನು ಕಂಡು ಹೆಮ್ಮೆಪಡಬೇಕಾದ ನಮ್ಮ ಮನಸ್ಸು, ಬೇರೊಂದು ಊರಿನ, ಬೇರೊಂದು ಪುಸ್ತಕದ, ಬೇರೊಂದು ಹೆಬ್ಬೆಟ್ಟಿನ ಕಡೆಗೆ ಹರಿಯಿತು.

ಅದನ್ನು ಬಹಿರಂಗವಾಗಿ ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು. 1989ರ ಸುಮಾರಿಗೆ ನಾವು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆವು. ಅಲ್ಲಿನ ಶಾಲೆಯಲ್ಲಿ ಒಂದನೆಯ ತರಗತಿಗೆ ಅಧ್ಯಾಪಕರಿಲ್ಲದ ಕಾಲದಲ್ಲಿ ಕೆಲವು ತಿಂಗಳು ಪಾಠ ಹೇಳುವ ಹೊಣೆ ನಮ್ಮ ಮೇಲೆ ಬಿತ್ತು. ದೈವಶಾಸ್ತ್ರ ಓದಿ ಬಂದವರಿಗೆ ಅ ಆ ಇ ಈ ಕಲಿಸುವುದು ಎಷ್ಟರ ಕೆಲಸ ಎಂಬ ಗರ್ವ ನಮ್ಮದಾಗಿತ್ತು. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವರ್ಣಮಾಲೆಯನ್ನು ಅವನಷ್ಟು ಇಂಪಾಗಿ, ಅವನಷ್ಟು ವೇಗವಾಗಿ ಹೇಳುವವರು ಬೇರೆ ಇರಲಿಲ್ಲ. ‘ಅ’ಕಾರದಿಂದ ‘ಳ’ಕಾರದವರೆಗೆ ನೀರು ಕುಡಿದಂತೆ ಒಪ್ಪಿಸುತ್ತಿದ್ದ. ಆದರೆ ಕರಿಹಲಗೆಯ ಮೇಲೆ ‘ಮ’ ಎಂದು ಒಂದೇ ಅಕ್ಷರ ಬರೆದು ಇದು ಯಾವುದು ಎಂದರೆ ಸುಮ್ಮನೆ ನಿಲ್ಲುತ್ತಿದ್ದ. ಇಷ್ಟು ಚೆನ್ನಾಗಿ ಬಾಯಿಪಾಠ ಬರುವವನಿಗೆ ಇದು ತಿಳಿಯದಿರಲು ಹೇಗೆ ಸಾಧ್ಯ, ಇದು ಹಟವೇ ಸರಿ ಎಂದು ನಾವು ತೀರ್ಮಾನಿಸಿದೆವು. ಬೆಂಚಿನ ಮೇಲೆ ನಿಲ್ಲಿಸಿದೆವು. ಒಂದು ದಿನ ಬೆರಳ ಗೆಣ್ಣಿನ ಮೇಲೆ ಅಡಿಕೋಲಿನಿಂದ ಹೊಡೆದೆವು. ಮಕ್ಕಳು ನಕ್ಕರು. ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ದನ ಮೇಯಿಸಲು ಹೋದನೆಂದು ತಿಳಿಯಿತು. ನಮಗೆ ವರ್ಗವಾಯಿತು, ಮರೆತೆವು.

2011ರಲ್ಲಿ ಅದೇ ಊರಿಗೆ ವಿವಾಹವೊಂದನ್ನು ನೆರವೇರಿಸಲು ಹೋಗುವ ಸಂದರ್ಭ ಬಂತು. ಪೂಜೆ ಮುಗಿದ ಮೇಲೆ ವರನಿಗೆ ಲೇಖನಿ ಕೊಟ್ಟೆವು. ಆತ ಅದನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳು ಚಾಚಿ, “ಸ್ವಾಮಿ, ಇಂಕು ಹಚ್ಚಿಬಿಡಿ, ನನಗೆ ಅಕ್ಷರ ಹತ್ತಲಿಲ್ಲ” ಎಂದ. ಮುಖ ನೋಡಿದೆವು, ಗುರುತು ಸಿಕ್ಕಿತು. ಆತನಿಗೂ ನಮ್ಮ ಗುರುತು ಸಿಕ್ಕಿತ್ತು. ದೂರಿನ ಒಂದು ಮಾತೂ ಆತನ ಬಾಯಿಂದ ಬರಲಿಲ್ಲ. ಹೊರಡುವಾಗ ಮಾತ್ರ ಒಂದು ಪ್ರಶ್ನೆ ಕೇಳಿದ: “ನಾಳೆ ನಮಗೆ ಮಕ್ಕಳಾದರೆ ಹೊಡೆಯದೆ ಕಲಿಸುವ ಇಸ್ಕೂಲು ಯಾವುದು ಅಂತ ಒಸಿ ಹೇಳಿ ಸ್ವಾಮಿ.”

ಪ್ರಿಯರೇ, ಆ ಪ್ರಶ್ನೆಗೆ ಅಂದು ನಾವು ಕೊಡಲಾರದ ಉತ್ತರವೇ ಇಂದಿನ ಈ ಭಾಷಣ.

ನಾವು ಎಡವಿದ್ದೆಲ್ಲಿ? ಒಪ್ಪಿಸುವುದು ಬೇರೆ, ಗುರುತಿಸುವುದು ಬೇರೆ ಎಂಬ ಸರಳ ಸಂಗತಿಯನ್ನು ಅರಿಯದೆ ಹೋದೆವು. ವರ್ಣಮಾಲೆಯ ರಾಗ ಕಿವಿಗೆ ಸೇರಿದ್ದು. ಅಕ್ಷರದ ರೂಪ ಕಣ್ಣಿಗೆ ಸೇರಿದ್ದು. ಜಪಸರದ ಪ್ರಾರ್ಥನೆಯನ್ನು ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಹೇಳುವ ಮಗುವನ್ನು ನಡುವಿನ ಒಂದು ಪದ ಹಿಡಿದು ಕೇಳಿದರೆ ಅದು ಮತ್ತೆ ಮೊದಲಿನಿಂದ ಆರಂಭಿಸುವುದನ್ನು ನೀವು ಕಂಡಿಲ್ಲವೇ? ಅಕ್ಷರಮಾಲೆಯೂ ಹಾಗೆಯೇ. ಆ ಹುಡುಗ ಹಟಮಾರಿಯಾಗಿರಲಿಲ್ಲ. ಅವನಿಗೆ ಹಾಡು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಸಬೇಕಾಗಿದ್ದ ನಾವು ಪರೀಕ್ಷಿಸುತ್ತಿದ್ದೆವು.

ಇದಕ್ಕಿಂತಲೂ ನಮ್ಮನ್ನು ನಾಚಿಸಿದ ಸಂಗತಿ ಇನ್ನೊಂದಿದೆ. ಈ ಸತ್ಯವನ್ನು ನಮ್ಮ ಧರ್ಮಸಭೆಯ ಮಹಾಪಂಡಿತರೊಬ್ಬರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಪವಿತ್ರ ಬೈಬಲನ್ನು ಲತೀನ್ ಭಾಷೆಗೆ ಅನುವಾದಿಸಿದ ಸಂತ ಜೆರೋಮರು ಬೆತ್ಲೆಹೇಮಿನ ತಮ್ಮ ಮಠದಲ್ಲಿದ್ದಾಗ, ಕ್ರಿ.ಶ. 403ರ ಸುಮಾರಿಗೆ, ರೋಮಿನ ಲೇತಾ ಎಂಬ ತಾಯಿಗೆ ಒಂದು ಪತ್ರ ಬರೆದರು. ಅವಳ ಪುಟ್ಟ ಮಗಳು ಪೌಲಾಳನ್ನು ಬೆಳೆಸುವ ಬಗೆಯೇ ಆ ಪತ್ರದ ವಿಷಯ. ಸ್ವಭಾವದಲ್ಲಿ ಉಗ್ರರೆಂದೂ ಮಾತಿನಲ್ಲಿ ಕಟುವೆಂದೂ ಹೆಸರಾದ ಈ ಸಂತರು ಮಗುವಿನ ವಿಷಯಕ್ಕೆ ಬಂದಾಗ ಎಷ್ಟು ಮೃದುವಾಗುತ್ತಾರೆ ನೋಡಿ. ಮರದಿಂದಲೋ ದಂತದಿಂದಲೋ ಅಕ್ಷರಗಳನ್ನು ಮಾಡಿಸಿ, ಒಂದೊಂದರ ಹೆಸರನ್ನೂ ಹೇಳಿಕೊಡಬೇಕು. ಮಗು ಅವುಗಳೊಡನೆ ಆಡಲಿ, ಆಟವೇ ಪಾಠವಾಗಲಿ ಎನ್ನುತ್ತಾರೆ. ಕ್ರಮವಾಗಿ ಹಾಡಿದರೆ ಸಾಲದು. ಮೊದಲಿನದನ್ನು ನಡುವಿಗೂ ನಡುವಿನದನ್ನು ಕೊನೆಗೂ ಬೆರೆಸಿ ಕೇಳಬೇಕು, ಆಗ ಮಗು ಅಕ್ಷರವನ್ನು ಕಿವಿಯಿಂದ ಮಾತ್ರವಲ್ಲದೆ ಕಣ್ಣಿನಿಂದಲೂ ಅರಿಯುತ್ತದೆ ಎನ್ನುತ್ತಾರೆ. ಬರೆಯಲು ಕೈ ನಡುಗಿದರೆ ಹಲಗೆಯಲ್ಲಿ ಕೊರೆದ ಅಕ್ಷರದ ಮೇಲೆ ಕಡ್ಡಿಯನ್ನು ಆಡಿಸಬೇಕು, ಜೊತೆಗೆ ಕಲಿಯುವ ಗೆಳತಿಯರಿರಬೇಕು, ಸಣ್ಣ ಬಹುಮಾನಗಳಿರಬೇಕು, ನಿಧಾನವಾದರೆ ಗದರಿಸಬಾರದು. ಎಳೆಯ ವಯಸ್ಸಿನಲ್ಲಿ ಓದಿನ ಮೇಲೆ ಮೂಡಿದ ಕಹಿ ಬೆಳೆದ ಮೇಲೂ ಉಳಿದೀತೆಂದು ಅವರು ತಾಯಿಯನ್ನು ಎಚ್ಚರಿಸುತ್ತಾರೆ. ಗುರುಮಠದ ಗ್ರಂಥಾಲಯದಲ್ಲಿ ಈ ಪತ್ರ ನಮ್ಮ ಕೈಗೆಟುಕುವಂತೆಯೇ ಇತ್ತು. ನಾವು ಸಂತ ಜೆರೋಮರ ಶಾಸ್ತ್ರವ್ಯಾಖ್ಯಾನಗಳನ್ನು ಓದಿದೆವು. ಕೂಸಿನ ಪತ್ರವನ್ನು ಬಿಟ್ಟೆವು.

ಅವರ ನಂತರ ಹದಿನೈದು ಶತಮಾನಗಳು ಉರುಳಿದ ಮೇಲೆ ಅದೇ ರೋಮ್ ನಗರದಲ್ಲಿ ಕಥೋಲಿಕ ವೈದ್ಯೆಯೊಬ್ಬರು ಈ ಮಾತನ್ನು ಕಾರ್ಯರೂಪಕ್ಕೆ ತಂದರು. ಮರಿಯಾ ಮಾಂಟೆಸ್ಸರಿ (1870–1952) ಅವರು 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ನುಣುಪಾದ ಹಲಗೆಯ ಮೇಲೆ ಅಂಟಿಸಿ, ಮಗು ಎರಡು ಬೆರಳಿನಿಂದ ಅದನ್ನು ಸವರುತ್ತ ಅದರ ಧ್ವನಿಯನ್ನು ಹೇಳುವಂತೆ ಮಾಡಿದರು. ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಬೆರಳು ಮುಟ್ಟುತ್ತದೆ. ಮೂರು ದಾರಿಯಿಂದ ಒಂದೇ ಅಕ್ಷರ ಒಳಗೆ ಹೋಗುತ್ತದೆ. 1939ರಲ್ಲಿ ಅವರು ಭಾರತಕ್ಕೆ ಬಂದು, ಮದರಾಸಿನ ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಇದ್ದು ಶಿಕ್ಷಕರಿಗೆ ತರಬೇತಿ ನೀಡಿದರು. ನಮ್ಮ ಕೂಲಿಮಠಗಳ ಅಯ್ಯನವರು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದುದೂ ಇದೇ ತತ್ತ್ವವೇ. ಮರಳು ಒಳ್ಳೆಯದಿತ್ತು, ಕೆಟ್ಟದ್ದು ಪಕ್ಕದಲ್ಲಿದ್ದ ಬೆತ್ತ.

ಇನ್ನು ಕನ್ನಡಕ್ಕೆ ಬರೋಣ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ಕಾಗುಣಿತಕ್ಕೆ ಬಂದರೆ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿ 442 ರೂಪಗಳಾಗುತ್ತವೆ; ಒತ್ತಕ್ಷರಗಳು ಇದರ ಮೇಲೆ. ಇಷ್ಟನ್ನು ನೋಡಿ ಹೆದರಬೇಕಾಗಿಲ್ಲ. ನಮ್ಮ ಅಕ್ಷರಕ್ಕೆ ಒಂದು ದೊಡ್ಡ ಗುಣವುಂಟು: ಅದರ ಹೆಸರೇ ಅದರ ಧ್ವನಿ. ‘ಮ’ ಎಂಬ ಅಕ್ಷರದ ಹೆಸರು ‘ಮ’. ‘ಮರ’ ಎನ್ನುವಾಗಲೂ ಅದು ‘ಮ’ವೇ. ಇಂಗ್ಲಿಷಿನ ‘ಡಬ್ಲ್ಯೂ’ ಎಂಬ ಹೆಸರಿಗೂ ಅದರ ಧ್ವನಿಗೂ ಇರುವ ದೂರವನ್ನು ಎಣಿಸಿದರೆ ನಮ್ಮ ಮಕ್ಕಳು ಭಾಗ್ಯವಂತರು. ಆದರೆ ಬುಡದ ಅಕ್ಷರಗಳು ಗಟ್ಟಿಯಾಗದೆ ಕಾಗುಣಿತಕ್ಕೆ ಕೈಹಾಕಿದರೆ ಅಡಿಪಾಯವಿಲ್ಲದೆ ಗೋಪುರ ಎಬ್ಬಿಸಿದಂತೆ.

ಮೊದಲನೆಯ ನಿಯಮ, ಒಮ್ಮೆಗೆ ನಾಲ್ಕೈದು ಅಕ್ಷರ ಸಾಕು. ಎರಡನೆಯದು, ಅ ಆ ಇ ಈ ಎಂಬ ಕ್ರಮವೇ ಮೊದಲು ಬರಬೇಕೆಂಬ ಕಟ್ಟಳೆ ಇಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಂದ ನಾವು ಕಲಿಯಬೇಕಾದುದು ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಎಂಬ ಪದ್ಧತಿ ಆರಂಭವಾಯಿತು. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ಕಂಡುಬಂದ ಅಧ್ಯಾಪಕರೇ ಅದನ್ನು ರೂಪಿಸಿದರು. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ‘ರ ಗ ಸ ದ ಅ’ ಎಂಬ ಗುಂಪಿನಿಂದ ಕಲಿಕೆ ಆರಂಭವಾಗುತ್ತದೆ. ಅನಂತರ ‘ಜ ವ ಮ ಬ ನ’. ಬರೆಯಲು ಸುಲಭವಾದ, ಒಂದರ ತಿರುವು ಇನ್ನೊಂದಕ್ಕೆ ನೆರವಾಗುವ ಅಕ್ಷರಗಳಿವು. ಅದಕ್ಕಿಂತಲೂ ಹೆಚ್ಚಿನ ಲಾಭ ಇನ್ನೊಂದು. ಮೊದಲ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ. ಎರಡನೆಯ ಗುಂಪು ಸೇರಿದೊಡನೆ ಮರ, ಮಗ, ಜನ, ದನ, ವನ, ನಗರ ಎಲ್ಲವೂ ಕೈಗೆ ಬರುತ್ತವೆ. ಮಗುವಿಗೆ ಅಕ್ಷರದ ರುಚಿ ಹತ್ತುವುದು ಪದ ಓದಿದ ದಿನವೇ. ಆ ದಿನವನ್ನು ನಾಲ್ವತ್ತೊಂಬತ್ತು ಅಕ್ಷರಗಳಾಚೆ ಮುಂದೂಡುವುದು ಏಕೆ?

ಈಗ ಆಟಗಳು. ಇವುಗಳಲ್ಲಿ ಯಾವುದಕ್ಕೂ ಅಂಗಡಿಯಿಂದ ಏನನ್ನೂ ಕೊಳ್ಳಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಗಳು, ಹುಣಸೆ ಬೀಜ, ಸೀಮೆಸುಣ್ಣ, ಒಂದು ಬಟ್ಟೆಯ ಚೀಲ, ಇಷ್ಟಿದ್ದರೆ ಸಾಕು.

ಮೊದಲನೆಯದು ಹೆಸರಿನ ಆಟ. ಮಗುವಿಗೆ ಲೋಕದಲ್ಲಿ ಅತ್ಯಂತ ಪ್ರಿಯವಾದ ಪದ ಅದರ ಹೆಸರು. ಒಂದೊಂದು ಮಗುವಿನ ಹೆಸರನ್ನೂ ರಟ್ಟಿನ ಮೇಲೆ ಬರೆದು, ಮೊದಲ ಅಕ್ಷರವನ್ನು ಮಾತ್ರ ಕೆಂಪು ಬಣ್ಣದಲ್ಲಿ ದಪ್ಪಗೆ ತಿದ್ದಿ, ಬಾಗಿಲ ಬಳಿ ಒಂದು ತಟ್ಟೆಯಲ್ಲಿಡಬೇಕು. ಬೆಳಿಗ್ಗೆ ಬಂದೊಡನೆ ಮಗು ತನ್ನ ರಟ್ಟನ್ನು ಆರಿಸಿ ಗೋಡೆಯ ಮೊಳೆಗೆ ತಗುಲಿಸಲಿ. ಅದೇ ಅಂದಿನ ಹಾಜರಿ. ಅರುಳಪ್ಪನಿಗೆ ‘ಅ’, ಮರಿಯಳಿಗೆ ‘ಮ’, ಜಪಮಾಲೆಗೆ ‘ಜ’ ಸ್ವಂತ ಆಸ್ತಿಯಾಗುತ್ತದೆ. ಕೆಲವೇ ದಿನಗಳಲ್ಲಿ ಮಗು ಬಸ್ಸಿನ ಹಲಗೆಯಲ್ಲಿ ‘ನನ್ನ ಮ’ ಕಂಡು ಕೂಗುತ್ತದೆ. ಕೂಗಲಿ ಬಿಡಿ.

ಎರಡನೆಯದು ಚೀಲದ ಆಟ. ದಪ್ಪ ರಟ್ಟಿನಲ್ಲಿ ನಾಲ್ಕೈದು ಅಕ್ಷರಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ. ಮಗು ಕಣ್ಣು ಮುಚ್ಚಿ ಕೈಹಾಕಿ, ಒಂದನ್ನು ಬೆರಳಿನಿಂದ ಸುತ್ತಲೂ ಸವರಿ, ಯಾವುದೆಂದು ಹೇಳಿ, ಆಮೇಲೆ ಹೊರಗೆ ತೆಗೆದು ನೋಡಬೇಕು. ಸರಿಯಾಯಿತೋ ತಪ್ಪಿತೋ ಎಂದು ನಾವು ಹೇಳಬೇಕಾಗಿಲ್ಲ. ಅದರ ಕಣ್ಣೇ ಹೇಳುತ್ತದೆ. ರಟ್ಟು ಕತ್ತರಿಸಲು ಬಿಡುವಿಲ್ಲದವರು ರಟ್ಟಿನ ಮೇಲೆ ಗೋಂದು ಬಳಿದು ಅಕ್ಷರದ ಆಕಾರದಲ್ಲಿ ಹುಣಸೆ ಬೀಜ ಅಂಟಿಸಬಹುದು, ಇಲ್ಲವೇ ಮರಳು ಉದುರಿಸಬಹುದು.

ಮೂರನೆಯದು ಕುಂಟೆಬಿಲ್ಲೆ. ನೀವೆಲ್ಲರೂ ಆಡಿದ ಆಟವೇ. ಮನೆಗಳೊಳಗೆ ಒಂದೊಂದು ಅಕ್ಷರ ಬರೆದರೆ ಆಯಿತು. ಬಿಲ್ಲೆ ಬಿದ್ದ ಮನೆಯ ಅಕ್ಷರವನ್ನು ಹೇಳಿ ಕುಂಟಬೇಕು. ಮುಂದಿನ ಆಟಕ್ಕೆ ಅಕ್ಷರಗಳ ಸ್ಥಾನ ಬದಲಿಸಲು ಮರೆಯಬೇಡಿ. ಇಲ್ಲವಾದರೆ ಮಗು ಮನೆಯನ್ನು ನೆನಪಿಡುತ್ತದೆ, ಅಕ್ಷರವನ್ನಲ್ಲ. ಸಂತ ಜೆರೋಮರು ಬೆರೆಸಿ ಎಂದದ್ದು ಇದನ್ನೇ.

ನಾಲ್ಕನೆಯದು ಟೋಪಿ ಆಟ. ಮಕ್ಕಳು ಸುತ್ತಲೂ ಕುಳಿತಿರಲು ಒಬ್ಬನು ಟೋಪಿಗೆ ಬದಲಾಗಿ ಅಕ್ಷರದ ಚೀಟಿಯನ್ನು ಯಾರದೋ ಬೆನ್ನ ಹಿಂದೆ ಇಟ್ಟು ಓಡುತ್ತಾನೆ. ಸಿಕ್ಕವನು ಚೀಟಿ ಎತ್ತಿ ಅಕ್ಷರ ಹೇಳಿದ ಮೇಲೆಯೇ ಅಟ್ಟಿಸಿಕೊಂಡು ಹೋಗಬೇಕು. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಬಹುದು. ಈ ಕೊನೆಯ ಮಾತು ಬಹಳ ಮುಖ್ಯ. ಕೇಳಿ ತಿಳಿಯುವುದು ಅವಮಾನವಲ್ಲವೆಂದು ಮಗು ಆಟದಲ್ಲಿ ಕಲಿತರೆ ಬಾಳಿನಲ್ಲಿಯೂ ನೆನಪಿಡುತ್ತದೆ.

ಐದನೆಯದು ಜೋಡಿ ಹುಡುಕುವ ಆಟ. ಲಗ್ನಪತ್ರಿಕೆಯ ಬಿಳಿಯ ಹಿಂಬದಿಯನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಅಕ್ಷರವನ್ನು ಎರಡೆರಡು ಚೌಕಗಳ ಮೇಲೆ ಬರೆದು, ಬೋರಲು ಹಾಕಿ. ಎರಡನ್ನು ತಿರುವಿ ನೋಡಿ, ಜೋಡಿಯಾದರೆ ಹೆಸರು ಹೇಳಿ ಇಟ್ಟುಕೊಳ್ಳುವುದು. ಇಲ್ಲವಾದರೆ ಮತ್ತೆ ಬೋರಲು. ಅಜ್ಜ ಅಜ್ಜಿಯರು ಮೊಮ್ಮಕ್ಕಳೊಡನೆ ಆಡಲು ಇದಕ್ಕಿಂತ ಒಳ್ಳೆಯದಿಲ್ಲ. ಹಲವು ಸಲ ಅಜ್ಜನೇ ಸೋಲುತ್ತಾನೆ. ಅದರಲ್ಲಿ ಮಗುವಿಗೆ ಆಗುವ ಆನಂದ ಹೇಳತೀರದು.

ಆರನೆಯದು ತಂಬೋಲ. ನಮ್ಮ ದೇವಾಲಯದ ಹಬ್ಬಗಳಲ್ಲಿ ತಂಬೋಲ ಇಲ್ಲದೆ ಸಂಜೆ ಮುಗಿಯುವುದಿಲ್ಲವಷ್ಟೆ. ಸಂಖ್ಯೆಗೆ ಬದಲಾಗಿ ಆರು ಅಕ್ಷರಗಳಿರುವ ಚೀಟಿಯನ್ನು ಮಕ್ಕಳಿಗೆ ಹಂಚಿ. ಮೊದಲ ವಾರ ಅಕ್ಷರವನ್ನು ಹೇಳಿ, ತೋರಿಸಲೂ ತೋರಿಸಿ; ಎರಡನೆಯ ವಾರ ಹೇಳಿ, ತೋರಿಸಬೇಡಿ. ತಮ್ಮ ಚೀಟಿಯಲ್ಲಿ ಅದಿದ್ದರೆ ಹುಣಸೆ ಬೀಜ ಇಡಬೇಕು. ಒಬ್ಬನು ಗೆದ್ದೊಡನೆ ಆಟ ನಿಲ್ಲಿಸದೆ ಕೊನೆಯ ಮಗುವಿನ ಚೀಟಿ ತುಂಬುವವರೆಗೆ ನಡೆಸಿ. ನೂರು ಕುರಿಗಳಲ್ಲಿ ಒಂದಕ್ಕಾಗಿ ಹೊರಟ ಕುರುಬನ ಸಾಮತಿಯನ್ನು ನಂಬುವವರ ತಂಬೋಲದಲ್ಲಿ ಯಾರನ್ನೂ ಹಿಂದೆ ಬಿಡಲಾಗದು.

ಏಳನೆಯದು ಅಕ್ಷರದ ಬೇಟೆ. ಹಳೆಯ ದಿನಪತ್ರಿಕೆಯ ದೊಡ್ಡ ಅಕ್ಷರದ ಶೀರ್ಷಿಕೆಗಳನ್ನು ಕೊಟ್ಟು, ಇಂದು ‘ಸ’ ಎಷ್ಟಿವೆ ಹುಡುಕಿ ಸುತ್ತು ಹಾಕು ಎನ್ನಿ. ಶತಮಾನೋತ್ಸವದ ಆಮಂತ್ರಣ ಪತ್ರಿಕೆ ಎಲ್ಲರ ಮನೆಯಲ್ಲೂ ಇದೆ. ಹಬ್ಬ ಮುಗಿದ ಮೇಲೆ ಅದಕ್ಕೆ ಇದಕ್ಕಿಂತ ಉತ್ತಮ ಸದ್ಗತಿ ಇಲ್ಲ.

ಇನ್ನು ಒಂದನ್ನೊಂದು ಹೋಲುವ ಅಕ್ಷರಗಳ ಮಾತು. ಬ–ಭ, ದ–ಧ, ಡ–ಢ, ಪ–ಫ, ಚ–ಛ ಇವುಗಳಲ್ಲಿ ಎರಡನೆಯದಕ್ಕೆ ಕೆಳಗೊಂದು ಸಣ್ಣ ಸೀಳು, ಅಷ್ಟೇ ಭೇದ. ‘ರ’ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ‘ಠ’. ‘ವ’ಕ್ಕೆ ಬಾಲ ಬಂದರೆ ‘ಮ’. ದೊಡ್ಡವರ ಕಣ್ಣಿಗೆ ಎದ್ದು ಕಾಣುವ ಈ ಭೇದ ಕೂಸಿನ ಕಣ್ಣಿಗೆ ಕಾಣದು. ಹೊಸ ಊರಿಗೆ ಬಂದ ಗುರುವಿಗೆ ಅವಳಿ ಮಕ್ಕಳ ಗುರುತು ಹತ್ತದಂತೆ. ಆದ್ದರಿಂದ ಜೋಡಿಯನ್ನು ಒಟ್ಟಿಗೆ ಕಲಿಸಬೇಡಿ. ‘ಬ’ ಗಟ್ಟಿಯಾದ ಎಷ್ಟೋ ದಿನಗಳ ಮೇಲೆ ‘ಭ’ವನ್ನು ತನ್ನಿ. ಆಗ ‘ಕೆರೆ–ದಡ’ ಆಡಿಸಿ. ನೆಲದ ಮೇಲೆ ಗೆರೆ ಎಳೆದು, ಒಂದು ಕಡೆ ‘ಬ’, ಇನ್ನೊಂದು ಕಡೆ ‘ಭ’ ಎಂದು ಬರೆಯಿರಿ. ಬಾಯಿಬಿಡದೆ ಚೀಟಿಯನ್ನು ಮಾತ್ರ ಎತ್ತಿ ತೋರಿಸಿದರೆ ಮಕ್ಕಳು ಆ ಕಡೆಗೆ ಜಿಗಿಯಬೇಕು. ಸೀಳು ಇದೆಯೇ ಇಲ್ಲವೇ ಎಂದು ಕಣ್ಣು ತಾನೇ ಹುಡುಕತೊಡಗುತ್ತದೆ.

ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ತಾಯಂದಿರು, ಮಗು ಚಿಕ್ಕ ‘ಬಿ’ಯನ್ನು ಚಿಕ್ಕ ‘ಡಿ’ಯಾಗಿ ಬರೆಯುತ್ತದೆಂದು ಕಣ್ಣೀರಿಟ್ಟು ನಮ್ಮ ಬಳಿ ಬರುವುದುಂಟು. ತಾಯಂದಿರೇ, ಸಮಾಧಾನವಿರಲಿ. ಮಗು ಹುಟ್ಟಿದಂದಿನಿಂದ ಕಲಿತದ್ದು ಏನು? ಹಸು ಎಡಕ್ಕೆ ಮುಖ ಮಾಡಿದರೂ ಹಸು, ಬಲಕ್ಕೆ ಮಾಡಿದರೂ ಹಸು. ಚೊಂಬನ್ನು ಯಾವ ಕಡೆ ತಿರುಗಿಸಿದರೂ ಚೊಂಬು. ದಿಕ್ಕು ಬದಲಾದರೆ ವಸ್ತುವೇ ಬದಲಾಗುವುದು ಅಕ್ಷರದ ಲೋಕದಲ್ಲಿ ಮಾತ್ರ. ಈ ಹೊಸ ಕಟ್ಟಳೆಗೆ ಒಗ್ಗಿಕೊಳ್ಳಲು ಕಣ್ಣಿಗೆ ಕಾಲ ಬೇಕು. ಐದಾರು ವರ್ಷದ ಮಗು ಅಕ್ಷರವನ್ನು ತಿರುಗುಮುರುಗಾಗಿ ಬರೆಯುವುದು ಸಾಮಾನ್ಯ, ಅದು ದಡ್ಡತನವಲ್ಲ. ಏಳೆಂಟು ವರ್ಷವಾದರೂ ಅದು ಹಾಗೆಯೇ ಉಳಿದು, ಓದಿನಲ್ಲೂ ಬಹಳ ತೊಡಕು ಕಂಡುಬಂದರೆ ಆಗ ತಜ್ಞರಿಗೆ ತೋರಿಸಿ. ಒಮ್ಮೆ ಕಣ್ಣಿನ ವೈದ್ಯರ ಬಳಿಗೂ, ಕಿವಿಯ ವೈದ್ಯರ ಬಳಿಗೂ ಹೋಗಿಬನ್ನಿ. ಆ ಹುಡುಗನ ಕಣ್ಣು ಸರಿಯಾಗಿತ್ತೇ ಎಂದು 1989ರಲ್ಲಿ ನಮಗೆ ಹೊಳೆಯಲೇ ಇಲ್ಲ.

“ಆಟ ಆಡಿಸುತ್ತ ಕುಳಿತರೆ ಓದು ಯಾವಾಗ ಸ್ವಾಮಿ? ಪಕ್ಕದ ಮನೆಯ ಮಗು ಆಗಲೇ ಎರಡು ಪುಟ ಬರೆಯುತ್ತದೆ” ಎಂದು ಕೇಳುವವರಿದ್ದಾರೆ. ಈ ಆತಂಕ ನಮಗೆ ಅರ್ಥವಾಗುತ್ತದೆ. ಹೊಲ ಮಾರಿ, ಸಾಲ ಮಾಡಿ ಶುಲ್ಕ ಕಟ್ಟುವವರಿಗೆ ಪುಟ ತುಂಬಿದ್ದೇ ಕಲಿತ ಗುರುತಾಗಿ ಕಾಣುತ್ತದೆ. ಆದರೆ ಮೂರು ವರ್ಷದ ಬೆರಳಿನ ಮೂಳೆಗಳೂ ಸ್ನಾಯುಗಳೂ ಇನ್ನೂ ಬಲಿತಿಲ್ಲ. ಬಳಪ ಹಿಡಿದು ಪುಟ ತುಂಬಿಸುವ ಕಾಲ ಅದಲ್ಲ. ಗುರುತಿಸುವುದು ಮೊದಲು, ಬರೆಯುವುದು ಆಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಅಲ್ಲಿ ಆಟದ ಮೂಲಕ ಕಲಿಕೆ ನಡೆಯಬೇಕೆಂದು ಹೇಳಿದೆ. ಬಿತ್ತಿದ ಮರುದಿನ ಮಣ್ಣು ಕೆದಕಿ ಮೊಳಕೆ ನೋಡುವ ರೈತನನ್ನು ನಾವು ಕಂಡಿಲ್ಲ.

ಆಟಕ್ಕೂ ಮಿತಿ ಇರಲಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಗು ಇನ್ನೂ ಬೇಕೆನ್ನುವಾಗಲೇ ನಿಲ್ಲಿಸಿ. ತಪ್ಪು ಹೇಳಿದರೆ ‘ಅಲ್ಲ’ ಎಂದು ಗದರಿಸದೆ, ಸರಿಯಾದುದನ್ನು ಒಮ್ಮೆ ಹೇಳಿ ಮುಂದೆ ಹೋಗಿ. ಒಂದು ಮಗುವನ್ನು ಇನ್ನೊಂದರೊಡನೆ ಹೋಲಿಸಬೇಡಿ. ಕೈಗೆ ಮೊಬೈಲು ಕೊಟ್ಟು ಅದರಲ್ಲಿ ಅಕ್ಷರ ಬರುತ್ತದೆಂದು ಅಡುಗೆಮನೆಗೆ ಹೋಗಬೇಡಿ. ಗಾಜನ್ನು ಸವರುವ ಬೆರಳಿಗೆ ಮರಳಿನ ಸ್ಪರ್ಶವಿಲ್ಲ, ಎದುರಿಗೆ ನಗುವ ತಾಯಿಯ ಮುಖವೂ ಇಲ್ಲ. ಮಕ್ಕಳ ಮೊದಲ ಗುರುಗಳು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ ಸಾರಿತು. ಓದು ಬಾರದ ತಾಯಿ ಏನು ಮಾಡಬೇಕು ಎಂದು ಕೇಳಬೇಡಿ. ಚೀಲದ ಆಟವನ್ನು ಮಗುವಿನ ಜೊತೆ ಆಡಲಿ, ಮಗುವೇ ಗುರುವಾಗಲಿ. ಒಂದು ಮನೆಯಲ್ಲಿ ಇಬ್ಬರು ಕಲಿತರೆ ನಷ್ಟವೇನು?

ಶತಮಾನೋತ್ಸವದ ನೆನಪಿಗೆ ಗೋಪುರಕ್ಕೆ ಹೊಸ ಬಣ್ಣ ಬಂದಿದೆ, ಗಂಟೆಗೆ ಹೊಸ ಹಗ್ಗ ಬಂದಿದೆ. ಇದರೊಡನೆ ಎರಡು ಸಣ್ಣ ಕಾಣಿಕೆಗಳನ್ನು ನಾವು ನಿಮ್ಮಿಂದ ಬೇಡುತ್ತೇವೆ. ಚಿಕ್ಕ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲೂ ಒಂದು ಅಕ್ಷರದ ಡಬ್ಬಿ ಇರಲಿ. ಯುವಕ ಯುವತಿಯರು ಅದನ್ನು ಮಾಡಿಕೊಡಲಿ. ಭಾನುವಾರ ಪೂಜೆಯಾದ ಮೇಲೆ ಧರ್ಮೋಪದೇಶದ ಕೊಠಡಿಯಲ್ಲಿ ಅರ್ಧ ಗಂಟೆ ಅಕ್ಷರದಾಟ ನಡೆಯಲಿ. ಯಾವ ಧರ್ಮದ, ಯಾವ ಕೇರಿಯ ಮಗುವಾದರೂ ಬರಲಿ. ನಾವೂ ಬರುತ್ತೇವೆ. ಮೊದಲ ಭಾನುವಾರ ತಂಬೋಲದ ಅಕ್ಷರ ಕೂಗುವ ಕೆಲಸ ನಮ್ಮದಿರಲಿ.

ಪ್ರತಿವರ್ಷ ಪಾಸ್ಖ ಜಾಗರಣೆಯ ರಾತ್ರಿ ನಾವು ದೊಡ್ಡ ಮೇಣದ ಬತ್ತಿಯ ಮೇಲೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವನ್ನೂ ಕೊನೆಯ ಅಕ್ಷರವನ್ನೂ ಕೊರೆಯುತ್ತೇವೆ. ಪುನರುತ್ಥಾನರಾದ ಪ್ರಭು ತಮ್ಮನ್ನು ಆ ಎರಡು ಅಕ್ಷರಗಳಿಂದ ಕರೆದುಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರೇ ‘ಅ’ಕಾರ, ಅವರೇ ‘ಳ’ಕಾರ. ಶುಭಸ��ದೇಶಗಳಲ್ಲಿ ಅವರು ಬರೆದರೆಂದು ಓದುವುದು ಒಂದೇ ಪ್ರಸಂಗದಲ್ಲಿ. ಜನ ಕಲ್ಲು ಹಿಡಿದು ಒಬ್ಬ ಹೆಂಗಸನ್ನು ಸುತ್ತುವರಿದಾಗ ಅವರು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆದರು. ಏನು ಬರೆದರೆಂದು ಶಾಸ್ತ್ರ ಹೇಳದು. ಆದರೆ ಅವರು ಬರೆಯುತ್ತಿರಲು ಎಲ್ಲರ ಕೈಯ ಕಲ್ಲುಗಳೂ ಕೆಳಗೆ ಬಿದ್ದವು. ಅಕ್ಷರ ಕಲಿಸುವವರ ಕೈಯ ಅಡಿಕೋಲೂ ಹಾಗೆಯೇ ಬೀಳಲಿ ಎಂಬುದು ನಮ್ಮ ಪ್ರಾರ್ಥನೆ.

ಇನ್ನು ನೂರು ವರ್ಷಗಳ ಮೇಲೆ ಈ ಧರ್ಮಕೇಂದ್ರದ ಗುರುವೊಬ್ಬರು ನಮ್ಮ ಕಾಲದ ವಿವಾಹ ಪುಸ್ತಕವನ್ನು ತೆರೆದು ನೋಡಿದಾಗ, ಅದರಲ್ಲಿ ಸುಂದರವಾದ ಸಹಿಗಳಿರಲಿ, ಸೊಟ್ಟ ಸಹಿಗಳಿರಲಿ, ಹೆದರಿಕೆಯಿಂದ ಒತ್ತಿದ ಹೆಬ್ಬೆಟ್ಟು ಒಂದೂ ಕಾಣದಿರಲಿ. ಪ್ರಭು ನಿಮ್ಮೆಲ್ಲರನ್ನೂ, ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.